ಒಂದು ಚಮಚ ನೀಲಗಿರಿ ಎಣ್ಣೆ: ಉತ್ತರ ಕೊಡಗಿನ ಒಂದು ಪ್ರಕರಣ

ಮಗುವಿಗೆ 1 ವರ್ಷ 4 ತಿಂಗಳು. ಹೆಣ್ಣು ಮಗು. ತೂಕ 9 ಕಿಲೋ 200 ಗ್ರಾಂ. ಲಸಿಕೆಗಳೆಲ್ಲ ಸರಿಯಾಗಿ ಆಗಿದ್ದವು. ಹಿಂದೆ ಯಾವತ್ತೂ ಫಿಟ್ಸ್ ಬಂದಿರಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಆ ಕಾಯಿಲೆ ಇರಲಿಲ್ಲ. ಪುಷ್ಯ ಮಳೆ ಹಿಡಿದು ಸುರಿಯುತ್ತಿದ್ದ ಒಂದು ರಾತ್ರಿ 9 ಗಂಟೆ 10 ನಿಮಿಷಕ್ಕೆ, ಮನೆಯಲ್ಲಿ ಫಿಟ್ಸ್ ಬಂತು ಎಂದು ಅವಳನ್ನು ನಮ್ಮ ಆಸ್ಪತ್ರೆಗೆ ತಂದರು. ಅಪ್ಪ ಎತ್ತಿಕೊಂಡಿದ್ದ. ಹಿಂದೆ ಅಜ್ಜಿ, ಕೈಯಲ್ಲಿ ಒದ್ದೆ ಕಂಬಳಿ. ಮಗುವಿನ ತಲೆ ಅಪ್ಪನ ತೋಳಿನಿಂದಾಚೆ ಜೋತು ಬಿದ್ದಿತ್ತು.

ನಾನು ಅಲ್ಲಿ ನರ್ಸ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಈ ಪ್ರಕರಣವನ್ನು ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲಿ ಬರುವುದಿಲ್ಲ, ಊರಿನದ್ದೂ ಆಸ್ಪತ್ರೆಯದ್ದೂ ಬೇಡ. ಮಲ್ಲಳ್ಳಿ ಜಲಪಾತದ ಕಡೆ ಹೋಗುವ ದಾರಿಯಲ್ಲಿ ಒಂದು ಮನೆ ಅಂದುಕೊಳ್ಳಿ, ಸಾಕು. ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಪಕ್ಕದಲ್ಲೇ ಎರಡು ರೂಮಿನ ಹೋಂಸ್ಟೇ. ಜಗುಲಿಯಲ್ಲಿ ಪ್ರವಾಸಿಗರಿಗೆ ಅಂತ ಒಂದು ಕಪಾಟು: ಜೇನು, ಏಲಕ್ಕಿ, ಕಾಚಂಪುಳಿ, ಮನೆಯಲ್ಲೇ ಮಾಡಿದ ಚಾಕೊಲೇಟ್, ನೀಲಗಿರಿ ಎಣ್ಣೆ. ಕೊಡಗಿನ ರಸ್ತೆ ಬದಿಯ ಯಾವ ಅಂಗಡಿಗೆ ಹೋದರೂ ಇದೇ ಸಾಲು ಕಾಣುತ್ತದೆ, ಅಲ್ವಾ?

ತಂದೆ ಬಿ.ಕಾಂ. ಓದಿದವರು. ತಾಯಿಗೆ ಸಹಕಾರ ಸಂಘದಲ್ಲಿ ಕೆಲಸ. ಅವತ್ತು ಅವರು ಕುಶಾಲನಗರದಲ್ಲಿ ಒಂದು ತರಬೇತಿಗೆ ಹೋಗಿ ಮಳೆಗೆ ಸಿಕ್ಕಿಕೊಂಡಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮನೆಮದ್ದಿನಿಂದ ಮಗುವಿಗೆ ಹೆಚ್ಚುಕಮ್ಮಿ ಆಯಿತು ಎಂದ ಕೂಡಲೇ ಓದುವವರ ಕಣ್ಣಿಗೆ ತೋಟದ ಕಾರ್ಮಿಕರ ಒಂದು ಲೈನ್ ಮನೆ, ಓದುಬರಹ ಬಾರದ ತಾಯಿ, ಹಠಮಾರಿ ಅಜ್ಜಿ ಬಂದು ನಿಲ್ಲುತ್ತಾರೆ. ನನ್ನ ಕಣ್ಣಿಗೂ ಹಾಗೇ ಬಂದಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಆ ರಾತ್ರಿ

ಜ್ವರ ನೋಡಿದೆ. 98.8. ಜ್ವರವೇ ಇಲ್ಲ. ಆಕ್ಸಿಜನ್ 88. ಬೆರಳು ಚುಚ್ಚಿ ಸಕ್ಕರೆ ನೋಡಿದರೆ 104, ಅಂದರೆ ಸರಿಯಾಗೇ ಇದೆ. ಉಸಿರಾಟ ಗೊರಗೊರ ಅನ್ನುತ್ತಿತ್ತು. ಡಾಕ್ಟರ್ ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಪಾಪೆಗಳು ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದವು.

ಈ ವಯಸ್ಸಿನ ಮಗು ಫಿಟ್ಸ್ ಬಂದು ಆಸ್ಪತ್ರೆಗೆ ಬಂದರೆ ನೂರಕ್ಕೆ ಹೆಚ್ಚಿನ ಪಾಲು ಅದು ಜ್ವರದ ಫಿಟ್ಸ್. ಆರು ತಿಂಗಳಿಂದ ಐದು ವರ್ಷದ ತನಕ ಅದು ಮಾಮೂಲು. ನೋಡಿದವರಿಗೆ ಜೀವ ಹೋದಂತಾಗುತ್ತದೆ, ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಇಲ್ಲಿ ಜ್ವರ ಇಲ್ಲ. ಹಾಗಾದರೆ ಮೆದುಳು ಜ್ವರವೋ, ತಲೆಗೆ ಪೆಟ್ಟೋ, ಏನಾದರೂ ನುಂಗಿದ್ದೋ?

ನಾನು ಕೇಳಬೇಕಾದ್ದನ್ನು ಕೇಳಿದೆ. ಅಥವಾ ಹಾಗಂದುಕೊಂಡಿದ್ದೆ.

"ಮಗುವಿಗೆ ಏನಾದರೂ ಔಷಧಿ ಕೊಟ್ಟಿದ್ದೀರಾ?"

"ಬೆಳಿಗ್ಗೆ ಪ್ಯಾರಸಿಟಮಾಲ್ ಸಿರಪ್ ಸಿಸ್ಟರ್. ಮೂರು ದಿನದಿಂದ ನೆಗಡಿ. ಬೇರೆ ಏನೂ ಇಲ್ಲ."

"ಬಿದ್ದಿದ್ದಾಳಾ?"

"ಇಲ್ಲ."

ಆಮೇಲೆ ನಾನು ಮಾಡಿದ ಕೆಲಸಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅಜ್ಜಿಯ ಕಡೆ ತಿರುಗಿ, "ಅಜ್ಜಿ, ನಿಜ ಹೇಳಿ, ಸೊಪ್ಪು ಗಿಪ್ಪು ಹಿಂಡಿ ಕುಡಿಸಿದ್ದೀರಾ?" ಎಂದೆ. ದನಿ ಜೋರಾಗೇ ಇತ್ತು. ಅಜ್ಜಿ ಕಂಬಳಿ ಬಿಗಿಯಾಗಿ ಹಿಡಿದುಕೊಂಡು, "ನಾನು ಏನೂ ಕುಡಿಸಿಲ್ಲ ಕಣಮ್ಮ" ಅಂದರು. ನಾನು ನಂಬಲಿಲ್ಲ. ಆಮೇಲೆ ಅವರು ಬಾಯಿ ತೆರೆಯಲೂ ಇಲ್ಲ. ಯಾಕೆ ತೆರೆಯುತ್ತಾರೆ?

9.20ಕ್ಕೆ ಎರಡನೇ ಸಲ ಫಿಟ್ಸ್ ಬಂತು. ಮೂಗಿಗೆ ಮಿಡಜೋಲಂ ಹಾಕಿದೆವು, ನಿಂತಿತು. ಆಕ್ಸಿಜನ್ ಮಾಸ್ಕ್ ಹಾಕಿ, ಮಗುವನ್ನು ಎಡಮಗ್ಗುಲಿಗೆ ಮಲಗಿಸಿದೆವು. ಅಷ್ಟರಲ್ಲಿ ಸ್ವಲ್ಪ ವಾಂತಿ ಮಾಡಿಕೊಂಡಳು. ಬಾಯಿಂದ ಸಕ್ಷನ್ ಮಾಡುವಾಗ ವಾಸನೆ ಬಡಿಯಿತು.

ನೀಲಗಿರಿ ವಾಸನೆ ಬಾಗಿಲಿನಿಂದಲೇ ಬಂದಿತ್ತು, ನಿಜ. ಕಂಬಳಿಯಲ್ಲಿತ್ತು, ಮಗುವಿನ ಸ್ವೆಟರಿನಲ್ಲಿತ್ತು. ಆದರೆ ಮಳೆಗಾಲದ ಕೊಡಗಿನಲ್ಲಿ ಯಾವ ಮಗುವಿಗೆ ಆ ವಾಸನೆ ಇರುವುದಿಲ್ಲ ಹೇಳಿ! ಜುಲೈ ತಿಂಗಳಲ್ಲಿ ನಮ್ಮ ಮಕ್ಕಳ ವಾರ್ಡಿಗೆ ಕಾಲಿಟ್ಟರೆ ಬಾಮು, ಕರ್ಪೂರ, ನೀಲಗಿರಿ, ಒಲೆಯ ಹೊಗೆ, ಒಣಗದ ಬಟ್ಟೆ ಎಲ್ಲ ಸೇರಿ ಒಂದೇ ವಾಸನೆ. ನಮ್ಮ ಮೂಗಿಗೆ ಅದು ಲೆಕ್ಕಕ್ಕೇ ಇಲ್ಲ. ಈಗ ಬಂದದ್ದು ಮಾತ್ರ ಬೇರೆ. ಸಕ್ಷನ್ ಜಾಡಿಯ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ಇದು ಎದೆಗೆ ಹಚ್ಚಿದ್ದಲ್ಲ. ಇದು ಹೊಟ್ಟೆಯೊಳಗಿಂದ ಬಂದದ್ದು.

ಮತ್ತೆ ಅಪ್ಪನ ಹತ್ತಿರ ಹೋದೆ. ಈ ಸಲ ಔಷಧಿ ಅನ್ನುವ ಮಾತೇ ಎತ್ತಲಿಲ್ಲ.

"ಮಧ್ಯಾಹ್ನ ಎದ್ದ ಮೇಲೆ ಅವಳ ಬಾಯಿಗೆ ಏನೇನು ಹೋಯಿತು, ಒಂದೊಂದೇ ಹೇಳಿ. ಹಾಲು, ಅನ್ನ, ಬಿಸ್ಕತ್ತು, ಪ್ರಸಾದ, ಜೇನು…"

ಜೇನು ಅಂದ ತಕ್ಷಣ ಅವರು ತಲೆ ಎತ್ತಿದರು.

"ಜೇನು ಕೊಟ್ಟೆ ಸಿಸ್ಟರ್. ಅದರಲ್ಲಿ ಸ್ವಲ್ಪ ನೀಲಗಿರಿ ಎಣ್ಣೆ ಹಾಕಿದ್ದೆ. ಆದರೆ ಅದು ಔಷಧಿ ಅಲ್ಲವಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಔಷಧಿ ಅಂದರೆ ಮೆಡಿಕಲ್ ಸ್ಟೋರಿಂದ ಬಂದದ್ದು. ಇದು ಎಣ್ಣೆ. ಆಗ ಗಡಿಯಾರ ನೋಡಿದೆ, 9.35. ಮಗು ಬಂದು ಇಪ್ಪತ್ತೈದು ನಿಮಿಷ ಆಗಿತ್ತು.

ಗೊತ್ತಾದ ಮೇಲೆ ಚಿಕಿತ್ಸೆ ಏನು ಬದಲಾಯಿತು ಎಂದು ಕೇಳಬಹುದು. ನೇರವಾಗಿ ಹೇಳಬೇಕೆಂದರೆ, ನೀಲಗಿರಿ ಎಣ್ಣೆಯ ವಿಷಕ್ಕೆ ಪ್ರತಿಮದ್ದು ಇಲ್ಲ. ಉಸಿರು ಕಾಯುವುದು, ಫಿಟ್ಸ್ ನಿಲ್ಲಿಸುವುದು, ಕಾದು ನೋಡುವುದು, ಇಷ್ಟೇ. ಆದರೂ ಬದಲಾದದ್ದು ಸಣ್ಣದೇನಲ್ಲ. ಮೆದುಳು ಜ್ವರ ಇರಬಹುದೆಂದು ಬೆನ್ನುಹುರಿಯ ನೀರು ತೆಗೆಯುವ ಯೋಚನೆ ಅಲ್ಲಿಗೇ ನಿಂತಿತು. ಹೊಟ್ಟೆ ತೊಳೆಯಲು ಯಾರೂ ಹೋಗಲಿಲ್ಲ. ಇಂಥ ಎಣ್ಣೆ ಹೊಟ್ಟೆಯಲ್ಲಿರುವುದಕ್ಕಿಂತ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜಾಸ್ತಿ ಕೇಡು. ಹಾಗಾಗಿ ಎಲ್ಲರ ಕಣ್ಣು ಎದೆಯ ಮೇಲೆ ನೆಟ್ಟಿತು. ಡಾಕ್ಟರ್ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದರು. ಅದು ದಿನದ 24 ಗಂಟೆಯೂ ಕೆಲಸ ಮಾಡುತ್ತದೆ. ಉಚಿತ ನಂಬರು 1800 116 117. ನಮ್ಮ ಗೋಡೆ ಮೇಲೆ ಬರೆದು ಅಂಟಿಸಿದ್ದೇವೆ. ನಿಮ್ಮ ಫೋನಿನಲ್ಲೂ ಇರಲಿ.

10 ಗಂಟೆಗೆ 108ರಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಜೊತೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಅಪ್ಪ ಒಂದೇ ಒಂದು ಮಾತು ಕೇಳಿದರು: "ಪೊಲೀಸ್ ಕೇಸ್ ಆಗುತ್ತದಾ?" ವಿಷದ ಪ್ರಕರಣ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ಕೊಡುವ ವರದಿ, ಎಂಎಲ್‌ಸಿ ಬರೆಯಲೇಬೇಕು. ಪೊಲೀಸರಿಗೆ ತಿಳಿಸಲೇಬೇಕು. ಮರುದಿನ ಒಬ್ಬ ಕಾನ್‌ಸ್ಟೇಬಲ್ ಬಂದು ಹೇಳಿಕೆ ಬರೆದುಕೊಂಡು ಹೋದರು, ಅಲ್ಲಿಗೆ ಮುಗಿಯಿತು. ಆದರೆ ಈ ಒಂದು ಭಯಕ್ಕೇ ಎಷ್ಟು ಮನೆಯವರು ಬಾಯಿ ಮುಚ್ಚಿಕೊಂಡಿರುತ್ತಾರೋ!

ಮಗು ಬೆಳಗಿನ ಜಾವ ಕಣ್ಣು ಬಿಟ್ಟಿತು. ಎರಡನೇ ದಿನ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬಿಳಿ ಮಚ್ಚೆ ಕಂಡಿತು. ಎಣ್ಣೆ ಇಳಿದಿತ್ತು. ಆರು ದಿನ ಅಲ್ಲೇ ಇದ್ದು ಮನೆಗೆ ಹೋದಳು.

ಚಮಚದ ಲೆಕ್ಕ

ಹತ್ತು ದಿನ ಕಳೆದು ಅಪ್ಪ, ಅಮ್ಮ, ಅಜ್ಜಿ ಮೂವರೂ ಮಗುವನ್ನು ಕರೆದುಕೊಂಡು ನಮ್ಮಲ್ಲಿಗೆ ತೋರಿಸಲು ಬಂದರು. ಆ ಬಾಟಲಿ, ಆ ಚಮಚ ಎರಡನ್ನೂ ತನ್ನಿ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಬೈಯುವುದಕ್ಕಲ್ಲ. ಮಗುವಿನ ಹೊಟ್ಟೆಗೆ ಹೋದದ್ದು ಎಷ್ಟು ಅಂತ ನನಗೆ ಗೊತ್ತಾಗಬೇಕಿತ್ತು.

ಡ್ಯೂಟಿ ರೂಮಿನಲ್ಲಿ ಕೂತು ಆ ಸಂಜೆಯನ್ನು ಮೊದಲಿಂದ ಹೇಳಿಸಿದೆ. ಸಂಜೆ ಆರಕ್ಕೆ ಕರೆಂಟ್ ಹೋಗಿತ್ತು. ಮಗುವಿನ ಮೂಗು ಕಟ್ಟಿಕೊಂಡು ಒಂದೇ ಸಮ ಅಳು. ಅಜ್ಜಿ ಹಂಡೆಯಲ್ಲಿ ನಾಲ್ಕು ನೀಲಗಿರಿ ಎಲೆ, ಒಂದಿಷ್ಟು ತುಳಸಿ ಹಾಕಿ ನೀರು ಕಾಯಿಸಿದರು. ಅದರಲ್ಲಿ ಬಟ್ಟೆ ಅದ್ದಿ ಮೈ ಒರೆಸಿದರು. ಅವರು ಮಾಡಿದ್ದು ಅಷ್ಟೇ. ಅಪ್ಪನಿಗೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ ಸಂದೇಶ ನೆನಪಾಯಿತು. ಜೇನಿಗೆ ನೀಲಗಿರಿ ಎಣ್ಣೆ ಬೆರೆಸಿ ಮಕ್ಕಳಿಗೆ ಕೊಟ್ಟರೆ ಒಂದೇ ರಾತ್ರಿಗೆ ಕಫ ಕರಗುತ್ತದಂತೆ. ಎಷ್ಟು ಎಣ್ಣೆ ಅಂತ ಅದರಲ್ಲಿ ಇರಲಿಲ್ಲ. 'ಸ್ವಲ್ಪ' ಅಂತ ಇತ್ತು.

ಬಾಟಲಿಯ ಬಾಯಿಗೆ ಹನಿ ಹನಿ ಬೀಳುವ ಹಾಗೆ ಒಂದು ಪ್ಲಾಸ್ಟಿಕ್ ಒಳಮುಚ್ಚಳ ಇರುತ್ತದಲ್ಲ, ಅದು ಅಲ್ಲಿರಲಿಲ್ಲ. ದೊಡ್ಡ ಬಾಟಲಿಯಿಂದ ಪ್ರವಾಸಿಗರಿಗೆ ಮಾರುವ ಸಣ್ಣ ಬಾಟಲಿಗಳಿಗೆ ತುಂಬಿಸಲು ಸುಲಭವಾಗಲಿ ಎಂದು ಅವರೇ ಹಿಂದಿನ ವಾರ ಕಿತ್ತು ಹಾಕಿದ್ದರು. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದು ಕೈಯಲ್ಲಿ ಬಾಟಲಿ. ಚಮಚದಲ್ಲಿ ಅರ್ಧ ಜೇನು ಇತ್ತು. ಬಾಟಲಿ ಬಗ್ಗಿಸಿದರು. ಚಮಚ ತುಂಬಿತು.

"ಚೆಲ್ಲೋಣ ಅಂದುಕೊಂಡೆ. ಜೇನು ಸುಮ್ನೆ ವ್ಯರ್ಥ ಆಗುತ್ತದಲ್ಲ ಅನ್ನಿಸಿತು."

ಆಗ 7.15. ಮಗು ಒಂದು ಸಲ ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಸ್ವಲ್ಪ ಉಗಿಯಿತು. ಹತ್ತು ನಿಮಿಷದಲ್ಲಿ ನಡೆಯಲು ಹೋಗಿ ಕಳ್ಳು ಕುಡಿದವರ ಹಾಗೆ ವಾಲಾಡಿತು. ಅಪ್ಪನಿಗೆ ನಗು ಬಂತಂತೆ. 7.45ಕ್ಕೆ ವಾಂತಿ, ಆಮೇಲೆ ನಿದ್ದೆ. ಮದ್ದು ಹಿಡಿಯಿತು, ಪಾಪ ಮೂರು ದಿನದ ಮೇಲೆ ನಿದ್ದೆ ಬಂತು ಎಂದು ಅವರು ಸಮಾಧಾನ ಪಟ್ಟರು. ನಿದ್ದೆ ಸರಿಯಿಲ್ಲ ಅಂದದ್ದು ಅಜ್ಜಿ. ಹೊದಿಕೆ ಸರಿಮಾಡಲು ಹೋದವರು ಮಗುವಿನ ಕೈ ಎತ್ತಿ ಬಿಟ್ಟರು. ಕೈ ಸೋರೆ ಬಳ್ಳಿಯ ಹಾಗೆ ಬಿತ್ತು. "ಮಲಗಿದ ಮಗುವಿನ ಕೈ ಹೀಗೆ ಬೀಳಲ್ಲ" ಎಂದು ಅವರು ಕೂಗುವುದಕ್ಕೂ ಫಿಟ್ಸ್ ಶುರುವಾಗುವುದಕ್ಕೂ ಸರಿಹೋಯಿತು. ಜೀಪು ಹೊರಟದ್ದು 8.15ಕ್ಕೆ. ದಾರಿಯಲ್ಲಿ ಒಂದು ಸಿಲ್ವರ್ ಮರ ಬಿದ್ದಿತ್ತು.

ಚಮಚ ತೆಗೆದುಕೊಂಡೆ. ಸಾಧಾರಣ ಸ್ಟೀಲ್ ಚಮಚ. ಹಿಡಿಕೆಯ ಮೇಲೆ ಯಾರದ್ದೋ ಮದುವೆಯ ದಿನಾಂಕ ಕೆತ್ತಿತ್ತು, ಉಡುಗೊರೆ ಬಂದ ಸೆಟ್ಟಿನದ್ದು. ನೀರು ತುಂಬಿ ಸಿರಿಂಜಿನಲ್ಲಿ ಎಳೆದೆ. ಐದು ಎಂ.ಎಲ್. ಸಿರಿಂಜು ತುಂಬಿತು, ಚಮಚದಲ್ಲಿ ಇನ್ನೂ ನೀರಿತ್ತು. ಮತ್ತೆ ಎಳೆದೆ. ಒಟ್ಟು 7. ಅರ್ಧ ಜೇನು ಕಳೆದರೆ ಎಣ್ಣೆ ಮೂರೂವರೆ. ಉಗಿದದ್ದು ಅರ್ಧ ಎಂ.ಎಲ್. ಎಂದರೂ 3 ಎಂ.ಎಲ್. ಒಳಗೆ ಹೋಗಿದೆ.

ಪುಟ್ಟ ಮಕ್ಕಳಲ್ಲಿ 2–3 ಎಂ.ಎಲ್. ನೀಲಗಿರಿ ಎಣ್ಣೆಗೇ ಮಂಪರು ಕವಿಯಬಹುದು. 5 ಎಂ.ಎಲ್. ಆದರೆ ಪ್ರಜ್ಞೆ ತಪ್ಪುವಷ್ಟಾಗುತ್ತದೆ. ಶುರುವಾಗುವುದೂ ಬೇಗ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಈ ಮರದ ತವರು ಆಸ್ಟ್ರೇಲಿಯಾ. ಅಲ್ಲಿನ ಮೆಲ್ಬರ್ನ್ ಮಕ್ಕಳ ಆಸ್ಪತ್ರೆಯಲ್ಲಿ 1981ರಿಂದ 1992ರ ತನಕ ಈ ಎಣ್ಣೆ ಕುಡಿದು 109 ಮಕ್ಕಳು ದಾಖಲಾಗಿದ್ದರು. ಅವರ ಬಗ್ಗೆ 1995ರಲ್ಲಿ ಒಂದು ವರದಿ ಬಂತು. ಹೆಚ್ಚಿನ ಮಕ್ಕಳ ಕೈಗೆ ಸಿಕ್ಕಿದ್ದು ನೆಗಡಿಗೆ ಹಬೆ ಹಿಡಿಯಲು ಮನೆಯಲ್ಲಿಟ್ಟಿದ್ದ ದ್ರಾವಣ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರೂ ನೀಲಗಿರಿ, ಕರ್ಪೂರದ ಎಣ್ಣೆಗಳಿಗೂ ಫಿಟ್ಸಿಗೂ ಇರುವ ನಂಟಿನ ಬಗ್ಗೆ ಹಲವು ಸಲ ಬರೆದಿದ್ದಾರೆ.

ಸಿರಿಂಜು ಕೆಳಗಿಟ್ಟಾಗ ಯಾರೂ ಮಾತಾಡಲಿಲ್ಲ. ತಾಯಿ ಮಾತ್ರ ಬಾಟಲಿ ತಿರುಗಿಸಿ ತಿರುಗಿಸಿ ಓದುತ್ತಿದ್ದರು. ಹಿಂಬದಿಯಲ್ಲಿ, ಅಂಟು ಕಿತ್ತು ಬಂದ ಲೇಬಲ್ಲಿನ ಕೊನೆಯ ಸಾಲಿನಲ್ಲಿ, ಹೊರಗೆ ಹಚ್ಚಲು ಮಾತ್ರ ಎಂದು ಇಂಗ್ಲಿಷಿನಲ್ಲಿ ಇತ್ತು. ಅಕ್ಷರ ಇರುವೆ ಸಾಲಿನಷ್ಟು. ಸಣ್ಣ ಬಾಟಲಿಗಳಿಗೆ ಅವರು ತಾವೇ ಪ್ರಿಂಟ್ ಮಾಡಿಸಿದ ಚೀಟಿ ಅಂಟಿಸುತ್ತಿದ್ದರು. ಅದರಲ್ಲಿ ಆ ಸಾಲೇ ಇರಲಿಲ್ಲ.

ಎಣ್ಣೆ ಅನ್ನುವ ಹೆಸರು

ನನಗೆ ಅನ್ನಿಸುವುದು, ಅರ್ಧ ಮೋಸ ಆ ಹೆಸರಿನಲ್ಲೇ ಇದೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ. ನಮ್ಮ ಮನೆಗಳಲ್ಲಿ ಎಣ್ಣೆ ಅಂದರೆ ಮೈಗೂ ಆಗುತ್ತದೆ, ಬಾಯಿಗೂ ಆಗುತ್ತದೆ. ನೀಲಗಿರಿ ಎಣ್ಣೆ ಆ ಜಾತಿಯದ್ದೇ ಅಲ್ಲ. ಅಮ್ಮಂದಿರ ಸಭೆಯಲ್ಲಿ ಈಗ ನಾನು ಒಂದು ಕಾಗದದ ಮೇಲೆ ಎರಡು ಹನಿ ಹಾಕಿ ತೋರಿಸುತ್ತೇನೆ. ಒಂದು ಕೊಬ್ಬರಿ ಎಣ್ಣೆ, ಒಂದು ನೀಲಗಿರಿ. ಮಾತು ಮುಗಿಯುವ ಹೊತ್ತಿಗೆ ಕೊಬ್ಬರಿ ಎಣ್ಣೆಯ ಕಲೆ ಹಾಗೇ ಇರುತ್ತದೆ. ನೀಲಗಿರಿಯದ್ದು ಹಾರಿಹೋಗುತ್ತಾ ಬಂದಿರುತ್ತದೆ. ಅದು ಎಲೆಯೊಳಗಿನ ಘಾಟನ್ನು ಬಟ್ಟಿ ಇಳಿಸಿ ಹಿಡಿದದ್ದು, ಮುಕ್ಕಾಲು ಪಾಲು ಸಿನಿಯೋಲ್ ಎಂಬ ರಾಸಾಯನಿಕ. ಹೊಟ್ಟೆಗೆ ಬಿದ್ದರೆ ಬೇಗ ರಕ್ತಕ್ಕೆ ಸೇರಿ ಮೆದುಳಿಗೆ ಹೋಗುತ್ತದೆ.

ಬಟ್ಟಿಯ ಲೆಕ್ಕ ನೋಡಿ. ನೂರು ಕಿಲೋ ಹಸಿ ಎಲೆ ಬೇಯಿಸಿದರೆ ಎಣ್ಣೆ ಸಿಗುವುದು ಹೆಚ್ಚುಕಮ್ಮಿ ಒಂದು ಕಿಲೋ. ಅಂದರೆ ಆ ಮಗು ನುಂಗಿದ 3 ಎಂ.ಎಲ್. ಸುಮಾರು ಕಾಲು ಕಿಲೋಗಿಂತ ಜಾಸ್ತಿ ಎಲೆಯ ಸಾರ. ಅಜ್ಜಿ ಹಂಡೆಗೆ ಹಾಕಿದ್ದು ನಾಲ್ಕೇ ಎಲೆ, ಅದೂ ಮೈ ಒರೆಸಲು. ಎರಡೂ ನೀಲಗಿರಿಯೇ!

ಇನ್ನೊಂದು ವಿಷಯ. ಆ ವಾಟ್ಸಾಪ್ ಸಂದೇಶಕ್ಕೆ 'ನಮ್ಮ ಹಿರಿಯರ ಮದ್ದು' ಅಂತ ತಲೆಬರಹ ಇತ್ತು. ನೀಲಗಿರಿ ಬೆಟ್ಟಗಳಲ್ಲಿ ಈ ಮರ ನೆಟ್ಟದ್ದೇ 1843ರ ಸುಮಾರಿಗೆ, ಬ್ರಿಟಿಷರು. ಬೆಟ್ಟದ ಹೆಸರೇ ಮರಕ್ಕೆ ಅಂಟಿಕೊಂಡಿತು. ಅಜ್ಜಿಯ ಮುತ್ತಜ್ಜಿಗೆ ಇದು ಏನೆಂದೇ ಗೊತ್ತಿದ್ದಿರಲಾರದು.

ನಿಜವಾದ ಹಿರಿಯರ ಮದ್ದಿಗೆ ಒಂದು ಅಳತೆ ಇತ್ತು. ಬಾಣಂತಿ ಮನೆಯಲ್ಲಿ ತೇಯುವ ಕಲ್ಲು ನೋಡಿದವರಿಗೆ ಗೊತ್ತು. ಬಜೆ, ಅಳಲೆಕಾಯಿ, ಜಾಯಿಕಾಯಿ, ಮಾಚಿಕಾಯಿ ಒಂದೊಂದನ್ನೂ ಕಲ್ಲಿನ ಮೇಲೆ ಹಾಲಿನಲ್ಲಿ ಇಷ್ಟು ಸುತ್ತು ಎಂದು ತೇಯುತ್ತಾರೆ. ಬಜೆ ಅರ್ಧ ಸುತ್ತು, ಜಾಯಿಕಾಯಿ ಒಂದು ಸುತ್ತು, ಹೀಗೆ ಮನೆಮನೆಗೆ ಒಂದು ಲೆಕ್ಕ. ಗಟ್ಟಿ ಬೇರನ್ನು ಕಲ್ಲಿಗೆ ಒಂದು ಸುತ್ತು ಉಜ್ಜಿದರೆ ಬರುವುದು ಒಂದು ಗೀರು. ಮದ್ದು ಜಾಸ್ತಿಯಾಗದಂತೆ ಕಲ್ಲೇ ತಡೆಯುತ್ತಿತ್ತು. ಈಗ ಅದೇ ಬಜೆ ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಪುಡಿಗೆ ಸುತ್ತು ಎಲ್ಲಿಂದ ಬರಬೇಕು? ಚಮಚದಲ್ಲಿ ಹಾಕುತ್ತಾರೆ. ವಾಂತಿ ನಿಲ್ಲದೆ ನೀರು ಆರಿಹೋದ ಮೂರು ತಿಂಗಳ ಕೂಸನ್ನು ನಾನೇ ನೋಡಿದ್ದೇನೆ. ಮಾತು ಬೇಗ ಬರಲಿ ಎಂದು ಕಾಲು ಚಮಚ ಬಜೆ ಪುಡಿ ನೆಕ್ಕಿಸಿದ್ದರು.

ಹಾಗಂತ ಕಲ್ಲಿನ ಮೇಲೆ ತೇದು ಕೊಟ್ಟರೆ ಸರಿ ಅಂತ ನಾನು ಹೇಳುತ್ತಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಇದೆ, ನಮ್ಮ ದೇಶದ ಬಜೆಯಲ್ಲಿ ಅದು ಜಾಸ್ತಿ. ಇಲಿಗಳಲ್ಲಿ ಗಂಟು ಬೆಳೆದದ್ದು ಕಂಡು ಅಮೆರಿಕದವರು 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ. ಅರ್ಧ ಸುತ್ತೂ ಬೇಡ. ಕೂಸಿಗೆ ಒಂದು ವರ್ಷ ತುಂಬುವ ತನಕ ಜೇನೂ ಬೇಡ, ಅದು ಎಷ್ಟೇ ಶುದ್ಧ ಕೊಡಗಿನ ಜೇನಾಗಿರಲಿ. ಬಾಟುಲಿಸಂ ರೋಗಾಣುವಿನ ಬೀಜಕಣಗಳು ಜೇನಿನಲ್ಲಿರಬಹುದು. ದೊಡ್ಡವರ ಕರುಳು ಅದನ್ನು ಬೆಳೆಯಲು ಬಿಡುವುದಿಲ್ಲ, ಕೂಸಿನದ್ದಕ್ಕೆ ಆ ಶಕ್ತಿ ಇರುವುದಿಲ್ಲ. ಈ ಮಾತು ಹೇಳಿದರೆ ನಮ್ಮ ಜಿಲ್ಲೆಯಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಸೊಪ್ಪು, ಬೇರುಗಳ ಬಗ್ಗೆ ಇಲ್ಲಿಯವರಿಗೆ ಸುಮ್ನೆ ನಂಬಿಕೆ ಬಂದದ್ದಲ್ಲ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪಿನ ಪಾಯಸ ಉಣ್ಣದ ಮನೆ ಕೊಡಗಿನಲ್ಲಿ ಕಡಿಮೆ. ನೇರಳೆ ಬಣ್ಣದ ಆ ಪಾಯಸ ನನಗೂ ಇಷ್ಟ. ಮರುದಿನ ಮೂತ್ರ ಕೆಂಪಾದರೆ ಮದ್ದು ಹತ್ತಿತು ಅಂತ ಖುಷಿಪಡುತ್ತೇವೆ. ಅದರ ಮರುತಿಂಗಳೇ, ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್‌ಪೊಳ್ದ್. ಆ ಆಯುಧ ಪೂಜೆಯ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ತೋಕ್ ಪೂ (ಅಗ್ನಿಶಿಖೆ ಹೂವು) ಎಷ್ಟು ಚೆಂದ! ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ, ದೊಡ್ಡವರ ಜೀವ ತೆಗೆಯುವಷ್ಟು. ಒಂದೇ ಮಳೆಗೆ ಒಂದೇ ಬೇಲಿಯಲ್ಲಿ ಎರಡೂ ಚಿಗುರುತ್ತವೆ. ಕನ್ನಡದಲ್ಲಿ ಮದ್ದು ಎಂಬ ಒಂದೇ ಮಾತು ಗುಣ ಮಾಡುವುದಕ್ಕೂ ಇದೆ, ಕೋವಿಗೆ ತುಂಬುವುದಕ್ಕೂ ಇದೆ. ಕೈಮದ್ದು ಅಂದರಂತೂ ಕೇಳುವುದೇ ಬೇಡ.

ಬೇರೆ ಮಕ್ಕಳು

ಈ ಪ್ರಕರಣ ಆದ ಮೇಲೆ ನನ್ನ ಹಳೆಯ ನೆನಪುಗಳನ್ನು ಕೆದಕಿ ನೋಡಿದೆ. ಎದೆಗೆ ಕರ್ಪೂರದ ಎಣ್ಣೆ ಹಚ್ಚಿ, ಉಳಿದದ್ದನ್ನು ಬಟ್ಟಲಲ್ಲೇ ಬಿಟ್ಟಿದ್ದರು, ಮಗು ಅದನ್ನು ನೆಕ್ಕಿತ್ತು. ಕರ್ಪೂರ ನೀಲಗಿರಿಗಿಂತ ಕೆಟ್ಟದ್ದು. ಮುನ್ಸೂಚನೆಯೇ ಇಲ್ಲದೆ ನಿಂತ ನಿಲುವಿನಲ್ಲಿ ಫಿಟ್ಸ್ ತರುತ್ತದೆ. ಹಚ್ಚುವ ಮುಲಾಮಿನಲ್ಲೂ ಕರ್ಪೂರ ನೂರಕ್ಕೆ 11ರ ಮೇಲೆ ಇರಬಾರದೆಂದು ಅಮೆರಿಕದಲ್ಲಿ 1983ರಲ್ಲೇ ಮಿತಿ ಹಾಕಿದ್ದಾರೆ. ಪೂಜೆಯ ಬಿಲ್ಲೆ ಬರೀ ಕರ್ಪೂರ.

ಇನ್ನೊಂದು ಮಗುವಿಗೆ ದಮ್ಮು ಎಂದು ಉಮ್ಮತ್ತಿ ಎಲೆಯ ರಸ ಹಾಕಿದ್ದರು. ಅದರ ಲಕ್ಷಣ ಪೂರ್ತಿ ಉಲ್ಟಾ. ಪಾಪೆ ದೊಡ್ಡದಾಗಿ, ಮೈ ಕೆಂಪಗೆ ಬಿಸಿಯಾಗಿ, ಬಾಯಿ ಒಣಗಿ, ಇಲ್ಲದ ಹುಳವನ್ನು ಗಾಳಿಯಲ್ಲಿ ಹಿಡಿಯುತ್ತಿತ್ತು. ಕೂಸಿನ ಮೂಗಿಗೆ ದಿನಾ ಎಣ್ಣೆ ಬಿಟ್ಟು ಎದೆ ಕೆಟ್ಟದ್ದಂತೂ ಎಷ್ಟೋ. ಕೆಲವು ಮಕ್ಕಳು ಉಳಿಯಲಿಲ್ಲ. ಅದನ್ನು ಇಲ್ಲಿ ಬರೆಯಲಾರೆ.

ಇವರೆಲ್ಲರ ಕೇಸ್ ಶೀಟಿನಲ್ಲಿ ಮೊದಲ ಸಾಲು ಒಂದೇ ಇತ್ತು ಎಂದು ನನ್ನ ನೆನಪು: ಯಾವ ಔಷಧಿಯನ್ನೂ ಕೊಟ್ಟಿಲ್ಲ. ಬರೆದವರು ನಾವೇ.

ಈಗ ನಮ್ಮಲ್ಲಿ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇವೆ. ಬಾಯಿಗೆ ಏನು ಹೋಯಿತು, ಮೂಗಿಗೆ ಏನು ಬಿಟ್ಟಿರಿ, ಮೈಗೆ ಏನು ಹಚ್ಚಿದಿರಿ, ಕಿವಿಗೆ ಏನು ಹಾಕಿದಿರಿ, ಕೊರಳಿಗೆ ಏನು ಕಟ್ಟಿದಿರಿ ಎಂದು ಒಂದೊಂದೇ ಕೇಳುತ್ತೇವೆ. ಅಜ್ಜಿ ಇದ್ದರೆ ಕುರ್ಚಿ ಕೊಟ್ಟು ಕೂರಿಸಿ ಕೇಳುತ್ತೇವೆ. ಸಮಯ ಜಾಸ್ತಿ ಬೇಕಾಗುವುದಿಲ್ಲ, ಎರಡು ನಿಮಿಷ. ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಹೇಳಿದ್ದೇವೆ. ಜೊತೆಗೆ ಒಂದು ಮಾತು: ಮಗು ಇಂಥದ್ದೇನಾದರೂ ನುಂಗಿದೆ ಎಂದು ಗೊತ್ತಾದರೆ ಉಪ್ಪುನೀರು, ಹುಣಿಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ. ಮಂಪರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಟಲಿ ಸಮೇತ ಹೊರಡಿ. ಆ ಬಾಟಲಿಯನ್ನು ಹೊಳೆಗೆ ಎಸೆದು ಬಂದವರೂ ಇದ್ದಾರೆ.

ಆ ಮಗುವಿಗೆ ಈಗ ಎರಡು ವರ್ಷ ಆಗುತ್ತಾ ಬಂತು. ಮತ್ತೆ ಫಿಟ್ಸ್ ಬಂದಿಲ್ಲ. ಮಾತು ಚೆನ್ನಾಗಿ ಬಂದಿದೆ. ಅಪ್ಪ ಜಗುಲಿಯ ಕಪಾಟಿನಿಂದ ನೀಲಗಿರಿ ಎಣ್ಣೆ ತೆಗೆದಿಲ್ಲ, ವ್ಯಾಪಾರ ಆಗುತ್ತದಲ್ಲ. ಆದರೆ ಮೇಲಿನ ಹಲಗೆಗೆ ಏರಿಸಿದ್ದಾರೆ. ಒಳಮುಚ್ಚಳ ಇರುವ ಬಾಟಲಿ ಮಾತ್ರ ತರುತ್ತಾರೆ. ಚೀಟಿಯಲ್ಲಿ 'ಕುಡಿಯಬಾರದು, ಮಕ್ಕಳಿಗೆ ಕೊಡಬಾರದು' ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ನೆಂಟರ ಬಾಯಲ್ಲಿ ಮಾತ್ರ ಈಗಲೂ ಅದು ಅಜ್ಜಿ ಏನೋ ಕುಡಿಸಿದ ಕಥೆ. ಮೊದಲು ಮಗ ಅದನ್ನು ತಿದ್ದಿರಲಿಲ್ಲ. ಈಗ ತಿದ್ದುತ್ತಾರಂತೆ, ಸೊಸೆ ಹೇಳಿದರು.

ಅವತ್ತು ಡ್ಯೂಟಿ ರೂಮಿನಿಂದ ಹೊರಡುವಾಗ ಬಾಟಲಿ ತೆಗೆದುಕೊಂಡು ಹೋದರು, ಚಮಚ ಮೇಜಿನ ಮೇಲೆ ಉಳಿಯಿತು. ಫೋನ್ ಮಾಡಿದೆ. ಅಜ್ಜಿ ತೆಗೆದುಕೊಂಡರು.

"ಅಜ್ಜಿ, ನಿಮ್ಮ ಚಮಚ ಇಲ್ಲೇ ಇದೆ. ಆರರ ಸೆಟ್ಟಲ್ವಾ?"

"ಐದೇ ಸಾಕು ಕಣಮ್ಮ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನೀಲಗಿರಿ ಎಲೆ ನೀರಲ್ಲಿ ಮಗುವಿನ ಮೈ ಒರೆಸಬಹುದಾ, ಅದೂ ಬೇಡವಾ?" ಎಂದು ಕೇಳಿದರು.

"ಬರೀ ಬಿಸಿನೀರಲ್ಲಿ ಒರೆಸಿ ಅಜ್ಜಿ, ಸಾಕು," ಎಂದೆ. "ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಸಿಗುತ್ತದೆ. ಇಲ್ಲಿಗೆ ಬಂದರೆ ನಾನೇ ಕೊಡುತ್ತೇನೆ, ಎಷ್ಟು ಹನಿ ಅಂತಲೂ ಹೇಳಿಕೊಡುತ್ತೇನೆ."

"ಬರೆದು ಕೊಡು," ಅಂದರು ಅಜ್ಜಿ. "ನನಗಲ್ಲ. ಅವನಿಗೆ."